ರೆಕ್ಕೆಯಿಲ್ಲದ ಗಿಣಿ

ಸೊಪ್ಪು ಸೋಸುವ ಕೆಲಸಕ್ಕೂ ಒಂದು ಸದ್ದಿದೆ ಎಂಬುದು ಮದುವೆಯಾಗಿ ಇಂಡಿಗೆ ಬಂದು ಎಷ್ಟೋ ಕಾಲದವರೆಗೆ ನನಗೆ ಗೊತ್ತಿರಲಿಲ್ಲ. ಮೆಂತ್ಯದ ಎಲೆಯನ್ನು ದಂಟಿನಿಂದ ಬಿಡಿಸುವಾಗಿನ ಚಿಟುಕು, ಬೇರು ಮಣ್ಣುದುರಿಸಿಕೊಂಡು ಮೊರದ ಮೇಲೆ ಬೀಳುವಾಗಿನ ಸಣ್ಣ ಸಪ್ಪಳ, ಇಂಥವನ್ನೆಲ್ಲ ಯಾರು ಕಿವಿಗೊಟ್ಟು ಕೇಳುತ್ತಾರೆ ಹೇಳಿ? ಕೈ ತನ್ನ ಪಾಡಿಗೆ ಸೋಸುತ್ತಿರುತ್ತದೆ, ಮನಸ್ಸು ತನ್ನ ಪಾಡಿಗೆ ಎಲ್ಲೋ ಇರುತ್ತದೆ. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದ ಒಂದು ಪ್ರಾಣಿ ಮಾತ್ರ ಆ ಸದ್ದನ್ನು ಜಗತ್ತಿನ ಅತಿ ಮುಖ್ಯ ಸುದ್ದಿಯೆಂಬಂತೆ ಕೇಳಿಸಿಕೊಳ್ಳುತ್ತಿತ್ತು.

ನನ್ನ ಯಜಮಾನರು ವಿಜಾಪುರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ವಾರವೆಲ್ಲ ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದು, ಶನಿವಾರ ಸಂಜೆಯ ಬಸ್ಸಿಗೆ ಇಂಡಿಗೆ ಬರುವರು. ಮನೆಯಲ್ಲಿ ನಾನು, ನಮ್ಮತ್ತೆ ಗೌರವ್ವ. ಊರಾಚೆ ನಮ್ಮದೊಂದು ಲಿಂಬೆಯ ತೋಟವಿತ್ತು, ಅದರ ಉಸ್ತುವಾರಿಯೆಲ್ಲ ಅತ್ತೆಯದೇ. ಆ ಶನಿವಾರ ಇವರು ಬಸ್ಸಿನಿಂದಿಳಿದು ಬಂದಾಗ ಕಂಕುಳಲ್ಲಿ ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿಯಿತ್ತು. ಮಾವಿನಹಣ್ಣೆಂದುಕೊಂಡು ನಾನು ಆಸೆಯಿಂದ ಬಟ್ಟೆ ಸರಿಸಿದೆ. ಒಳಗೆ ಕಂದು ಬಿಳಿ ಮಿಶ್ರಿತ ಒಂದು ತುಪ್ಪಳದ ಮುದ್ದೆ, ಅದರೊಳಗಿಂದ ನನ್ನನ್ನೇ ನೋಡುವ ಎರಡು ಕಪ್ಪು ಮಣಿಗಳು. ಕಿರುಚದೆ ಹಿಂದೆ ಸರಿದದ್ದೇ ನನ್ನ ದೊಡ್ಡತನ.

"ಏನೋ ಇದು?" ಎಂದರು ಅತ್ತೆ.

"ಗಿನಿಪಿಗ್ ಬೇ ಯವ್ವಾ. ಕಾಲೇಜಿಗೆ ಸೂಟಿ ಬಿಟ್ರ ಇವನ್ನ ನೋಡಾವ್ರು ಯಾರೂ ಇರೂದಿಲ್ಲ. ಅದಕ್ಕ ಒಬ್ಬೊಬ್ರು ಒಂದೊಂದು ಮನಿಗೆ ಒಯ್ದೇವಿ."

"ಹಂಗಂದ್ರ ಏನು?"

ಇವರು ಸತ್ಯವಂತರು. ಇಂಗ್ಲಿಷಿನ ಶಬ್ದವನ್ನು ಬಿಡಿಸಿ ಹಂದಿ ಎಂದು ಹೇಳಲು ಬಾಯಿ ತೆರೆದೇಬಿಟ್ಟಿದ್ದರು. ದಿನಾ ಬೆಳಿಗ್ಗೆ ಲಿಂಗಪೂಜೆಯಾಗದೆ ನೀರೂ ಮುಟ್ಟದ ಅತ್ತೆಯ ಪಡಸಾಲೆಯಲ್ಲಿ ಆ ಮಾತು ಬಿದ್ದಿದ್ದರೆ ಪ್ರಾಣಿಯ ಜೊತೆಗೆ ತಂದವರೂ ಅಂಗಳದಲ್ಲಿ ಮಲಗಬೇಕಾಗುತ್ತಿತ್ತು. ನಾನು ಕಣ್ಣು ದೊಡ್ಡದು ಮಾಡಿದೆ. ಅವರು ಅರ್ಧ ಹೆಸರನ್ನು ನುಂಗಿಕೊಂಡು, "ಗಿನಿ ಅಂತಾರ" ಎಂದರು.

"ಗಿಣಿ?" ಅತ್ತೆ ಬುಟ್ಟಿಯನ್ನು ಸುತ್ತು ಹಾಕಿ ನೋಡಿದರು. "ರೆಕ್ಕಿ ಇಲ್ಲ, ಕೊಕ್ಕಿಲ್ಲ, ಬಾಲಾನೂ ಇಲ್ಲ. ಎಂಥಾ ಗಿಣಿ ತಂದಿಯೋ ತಮ್ಮಾ."

ಹೀಗೆ ಅದಕ್ಕೆ ನಾಮಕರಣವಾಯಿತು. ಮರುದಿನವೇ ಇವರು ಉತ್ತರಪತ್ರಿಕೆ ತಿದ್ದಲೆಂದು ಧಾರವಾಡಕ್ಕೆ ಹೊರಟರು. ಹೊರಡುವಾಗ, ಹಸಿ ಸೊಪ್ಪು ತಪ್ಪಬಾರದು, ಹುಳಿಯ ಹಣ್ಣು ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಇವು ಸೊರಗುತ್ತವೆ, ಬಿಸಿಲು ತಾಳಲಾರವು ಎಂದು ಒಂದು ಉಪನ್ಯಾಸವನ್ನೇ ಕೊಟ್ಟರು. ಅತ್ತೆ ತಮ್ಮ ಕಡೆಯ ಶರತ್ತು ಹೇಳಿದರು: ಅಡಿಗೆಮನೆಯ ಹೊಸ್ತಿಲು ದಾಟಕೂಡದು, ಜೋಳದ ಚೀಲಗಳ ಹತ್ತಿರ ಸುಳಿಯಕೂಡದು. ಇಲಿಗಳೊಡನೆ ಅವರದು ಹಳೆಯ ಹಗೆ. ಈ ಗಿಣಿಯ ಮೋರೆಯಲ್ಲಿ ಆ ಹಗೆಯವರ ಹೋಲಿಕೆ ಅವರಿಗೆ ಚೆನ್ನಾಗಿಯೇ ಕಂಡಿತ್ತು.

ಚಹಾಪುಡಿಯ ಹಳೆಯ ಪೆಟ್ಟಿಗೆಯೊಂದರಲ್ಲಿ ಒಣಹುಲ್ಲು ಹಾಸಿ ಪಡಸಾಲೆಯ ತಂಪಿನ ಮೂಲೆಯಲ್ಲಿಟ್ಟೆವು. ಮೊದಮೊದಲು ಅದು ಹುಲ್ಲಿನೊಳಗೆ ಹುದುಗಿದ್ದು ಮೂಗಷ್ಟೇ ಹೊರಗೆ ಬಿಡುತ್ತಿತ್ತು. ನಾನು ಹತ್ತಿರ ಹೋದರೆ ಆ ಮೂಗೂ ಮಾಯ. ನಾವು ನೋಡುತ್ತಿರುವಾಗ ಒಂದೆಲೆಯನ್ನೂ ಮುಟ್ಟದು, ಬೆನ್ನು ತಿರುಗಿಸಿದರೆ ಕುರುಕುರು ಸದ್ದು. ಅದಕ್ಕೆ ನನ್ನ ಭಯ, ನನಗೆ ಅದರ ಭಯ, ಅತ್ತೆಗೆ ನಮ್ಮಿಬ್ಬರನ್ನೂ ನೋಡಿ ನಗು. ಹೊಸ ಜಾಗದಲ್ಲಿ ಯಾರ ಹೆಜ್ಜೆ ಯಾವುದೆಂದು ಕೇಳಿ ಕಲಿಯುವುದಕ್ಕೆ ಕಾಲ ಹಿಡಿಯುತ್ತದೆ. ಹಲಸಂಗಿಯ ತವರಿನಿಂದ ಬಂದ ಹೊಸತರಲ್ಲಿ ನಾನೂ ಅಡಿಗೆಮನೆಯ ಕಂಬದ ಹಿಂದೆ ನಿಂತು ಅದನ್ನೇ ಕಲಿತಿದ್ದೆ.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ಅದರ ಹಿಂದಿನ ವರ್ಷ ನಾನು ಬಸುರಾಗಿದ್ದೆ. ತಿಂಗಳು ತುಂಬುವ ಮುನ್ನವೇ ನೋವು ಬಂದು, ಕೂಸು ಉಸಿರಿಲ್ಲದೆ ಹುಟ್ಟಿತು. ನನಗೆ ಎಚ್ಚರ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ದವಾಖಾನೆಯಿಂದ ಮನೆಗೆ ಬಂದಾಗ ತವರಿನವರು ಕಳಿಸಿದ್ದ ತೊಟ್ಟಿಲು ಪಡಸಾಲೆಯಲ್ಲಿ ಇರಲಿಲ್ಲ. ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ, ಅತ್ತೆಯೂ ಹೇಳಲಿಲ್ಲ. ಅತ್ತೆ ನನ್ನ ತಾಟಿಗೆ ತುಪ್ಪ ಹೆಚ್ಚು ಬಡಿಸಿದರು, ಕೊಡ ಎತ್ತಲು ಬಿಡಲಿಲ್ಲ. ಆದರೆ ಆ ವಿಷಯವಾಗಿ ಒಂದು ಸೊಲ್ಲನ್ನೂ ಆಡಲಿಲ್ಲ. ಆ ಮೌನದಲ್ಲಿ ನಾನು ನನ್ನ ಮೇಲಿನ ತಪ್ಪನ್ನೇ ಓದಿಕೊಂಡಿದ್ದೆ. ಒಂದೇ ಸೂರಿನಡಿ ಇಬ್ಬರು ಹೆಂಗಸರು ಉಪ್ಪು, ಖಾರ, ಲಿಂಬೆಯ ಬೆಲೆ ಎಲ್ಲ ಮಾತಾಡಿಕೊಂಡು, ಮಾತಾಡಬೇಕಾದ ಒಂದನ್ನು ಬಿಟ್ಟು, ವರ್ಷ ಕಳೆದಿದ್ದೆವು.

ಮಧ್ಯಾಹ್ನದ ಊಟವಾದ ಮೇಲೆ ಸಂಜೆಯ ಪಲ್ಯಕ್ಕೆ ಸೊಪ್ಪು ಸೋಸಲು ನಾನು ಪೆಟ್ಟಿಗೆಯ ಪಕ್ಕದಲ್ಲೇ ಕೂರತೊಡಗಿದೆ. ತಂಪಿನ ಜಾಗವೆಂದು ಕೂತೆನೇ ಹೊರತು ಬೇರೆ ಉದ್ದೇಶವಿರಲಿಲ್ಲ. ಒಂದು ದಿನ ದಂಟೊಂದನ್ನು ಪೆಟ್ಟಿಗೆಯೊಳಗೆ ಚಾಚಿ, ಮುಖ ಅತ್ತ ತಿರುಗಿಸಿ, ಕೈಯನ್ನು ಹಾಗೇ ಮರೆತುಬಿಟ್ಟೆ. ದಂಟನ್ನು ಯಾರೋ ಮೆಲ್ಲಗೆ ಎಳೆದಂತಾಯಿತು. ಉಸಿರು ಬಿಗಿಹಿಡಿದು ನೋಡಿದರೆ ಗಿಣಿ ಆ ತುದಿಯಿಂದ ತಿನ್ನುತ್ತ ನನ್ನ ಬೆರಳಿನತ್ತ ಬರುತ್ತಿದೆ. ದಂಟು ಮುಗಿಯಿತು. ಬೆರಳು ಎದುರಾಯಿತು. ಮೂಸಿ ನೋಡಿತು. ಕಚ್ಚಲಿಲ್ಲ. ಬೆಚ್ಚಗಿನ ಉಸಿರೊಂದು ಉಗುರಿಗೆ ತಾಗಿ ಹೋಯಿತು, ಅಷ್ಟೇ. ಆದರೆ ಆ ದಿನವೆಲ್ಲ ನಾನು ಆ ಬೆರಳನ್ನು ಬೇರೆಯವರದೆಂಬಂತೆ ನೋಡಿಕೊಳ್ಳುತ್ತಿದ್ದೆ.

ಆಮೇಲೆ ಸಲುಗೆ ಬೆಳೆಯಲು ತಡವಾಗಲಿಲ್ಲ. ಸೊಪ್ಪಿನ ಕಟ್ಟು ಬಿಚ್ಚಿದರೆ ಸಾಕು, ಒಳಗಿಂದ "ವೀಕ್, ವೀಕ್" ಎಂದು ಸಣ್ಣ ಪೀಪಿಯ ಕೂಗು. ಮಡಿಲಲ್ಲಿ ಕೂರಿಸಿಕೊಂಡು ಕಿವಿಯ ಹಿಂದೆ ಸವರಿದರೆ ಮೈಯೊಳಗೆಲ್ಲೋ ಗಿರಣಿ ನಡೆದಂತೆ ಗುರುಗುಟ್ಟುತ್ತ ಕಣ್ಣು ಅರೆಮುಚ್ಚುವುದು. ಹೊಸ ಹುಲ್ಲು ಹಾಸಿದ ದಿನ ಇದ್ದಕ್ಕಿದ್ದಂತೆ ನೆಲದಿಂದ ನೆಗೆದು, ಗಾಳಿಯಲ್ಲೇ ಮೈ ತಿರುವಿ, ಏನೂ ಆಗಿಲ್ಲವೆಂಬಂತೆ ನಿಲ್ಲುವುದು. ಇಷ್ಟು ಸಣ್ಣ ಜೀವಕ್ಕೆ ಇಷ್ಟೊಂದು ಸಂತೋಷ ಎಲ್ಲಿಂದ ಒದಗುತ್ತದೆಂದು ನನಗೆ ಬೆರಗು. ಪಕ್ಕದ ಮನೆಯ ಕಲ್ಲವ್ವ ಗೋಡೆಯಾಚೆಯಿಂದ, "ನಿಮ್ಮ ಗಿಣಿ ಮಾತಾಡ್ತೈತೇನ್ರಿ?" ಎಂದು ಕೇಳಿದರೆ ಅತ್ತೆ ಗಂಭೀರವಾಗಿ, "ಇನ್ನೂ ಕಲಿಯಾಕತ್ತೈತಿ" ಎನ್ನುತ್ತಿದ್ದರು. ನೋಡಲು ಬಂದ ಕಲ್ಲವ್ವ ಪೆಟ್ಟಿಗೆಯೊಳಗೆ ಇಣುಕಿ, ನಮ್ಮಿಬ್ಬರ ಮುಖವನ್ನೂ ಒಂದೊಂದು ಸಲ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋದಳು.

ಅತ್ತೆ ಸೋತದ್ದು ನನಗಿಂತ ಮೆಲ್ಲಗೆ. ತೋಟದಿಂದ ಬರುವಾಗ ಕರುವಿಗೆಂದು ಕುದುರೆಮಸಾಲೆಯ ಹಸಿಮೇವು ಕೊಯ್ದು ತರುತ್ತಿದ್ದರು. ಹಟ್ಟಿಗೆ ಹೋಗುವ ಆ ಹೊರೆಯಿಂದ ಒಂದು ಹಿಡಿ ಹೇಗೋ ಪೆಟ್ಟಿಗೆಯ ಹತ್ತಿರ ಜಾರತೊಡಗಿತು. ಒಂದು ದಿನ ಅವರು ಲಿಂಬೆಹಣ್ಣು ಕೊಯ್ದು ಬೆರಳಿಗೆ ರಸ ಹಚ್ಚಿ ಚಾಚಿದ್ದನ್ನು ಕಂಡೆ. ಗಿಣಿ ನೆಕ್ಕಿತು, ಮುಖವನ್ನೆಲ್ಲ ಮುದುಡಿಸಿತು, ಮತ್ತೆ ನೆಕ್ಕಿತು. ನಾನು ನೋಡಿದ್ದು ತಿಳಿದು ಅತ್ತೆ, "ಅವ ಹೇಳಿ ಹೋಗ್ಯಾನಲ್ಲ, ಹುಳಿ ಬೇಕಂತ" ಎಂದು ಸೆರಗಿಗೆ ಬೆರಳೊರೆಸಿಕೊಂಡರು.

ಬಿಸಿಲು ಏರಿತು. ಪೆಟ್ಟಿಗೆಯ ಮೇಲೆ ಒದ್ದೆ ಗೋಣಿ ಹೊದಿಸಿ, ಅದು ಒಣಗಿದಂತೆಲ್ಲ ನೀರು ಚಿಮುಕಿಸುವುದು ಇಬ್ಬರಿಗೂ ಕೆಲಸವಾಯಿತು. ಅಂಥ ಒಂದು ಮಧ್ಯಾಹ್ನ ಅತ್ತೆ ಗಿಣಿಯನ್ನು ಮೊದಲ ಸಲ ತಾವೇ ಎತ್ತಿಕೊಂಡು, ಅಂಗೈಯಲ್ಲಿ ತೂಗಿ, ಹೊಟ್ಟೆಯ ಕೆಳಗೆ ಬೆರಳಾಡಿಸಿ, "ಶಾಂತಾ, ಇದು ಬಸರೈತಿ" ಎಂದರು.

ವರ್ಷದಿಂದ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರದ ಶಬ್ದ ಅದು. ನಾನು ಮೊರ ಎತ್ತಿಕೊಂಡು ಒಳಗೆ ಹೋದೆ. ಮಧ್ಯದಲ್ಲೊಂದು ಭಾನುವಾರ ಇವರು ಧಾರವಾಡದಿಂದ ಬಂದಾಗ ಮೊದಲ ಮಾತೇ, "ಇದನ್ನ ತಿರುಗಿ ಒಯ್ರಿ" ಎಂದೆ.

"ಯಾಕ? ಇಬ್ಬರೂ ಎಷ್ಟು ಚೆಂದ ಹೊಂದಿಕೊಂಡೀರಿ."

"ನನ್ನ ಕೈಲಾಗೂದಿಲ್ಲರಿ. ಒಯ್ದುಬಿಡ್ರಿ."

ಪಡಸಾಲೆಯಿಂದ ಅತ್ತೆಯ ದನಿ ಬಂತು. "ದಿನ ತುಂಬಿದ ಬಸರಿನ್ನ ಈ ಬಿಸಲಾಗ ಬಸ್ಸಿನ್ಯಾಗ ಕಳಿಸ್ತಾರೇನು? ಹೆರೂದು ಅದು. ನೀ ಯಾಕ ಹೆದರ್ತಿ..." ಅಷ್ಟಕ್ಕೆ ಮಾತು ನಿಂತಿತು. ತಾವು ಏನು ಅಂದೆವೆಂದು ಅವರಿಗೆ ತಡವಾಗಿ ಹೊಳೆದಿರಬೇಕು. ಇವರು ನನ್ನ ಮುಖ ನೋಡಿದರು, ಕೈ ಹಿಡಿದುಕೊಂಡರು, ಸಂಜೆ ಬರಿಗೈಯಲ್ಲೇ ಬಸ್ಸು ಹತ್ತಿದರು.

ಅದು ಹೆತ್ತದ್ದು ಒಂದು ಬೆಳಗಿನಲ್ಲಿ. ಅಂಗಳ ಗುಡಿಸುತ್ತಿದ್ದ ನನ್ನನ್ನು ಅತ್ತೆ ಕರೆದರು. ನಾನು ಹೋಗಿ ನೋಡುವಾಗಲೇ ಎರಡು ಮರಿಗಳು ತಾಯಿಯ ಸುತ್ತ ತಡವರಿಸಿ ನಡೆಯುತ್ತಿದ್ದವು. ಇಲಿಮರಿಯಂತೆ ಬತ್ತಲೆಯಲ್ಲ, ಕುರುಡಲ್ಲ. ಮೈತುಂಬ ಕೂದಲು, ತೆರೆದ ಕಣ್ಣು, ಹುಟ್ಟುವ ಮೊದಲೇ ಎಲ್ಲ ಸಿದ್ಧತೆ ಮುಗಿಸಿಕೊಂಡು ಬಂದ ಪುಟ್ಟ ಪ್ರಯಾಣಿಕರ ಹಾಗೆ. ನನಗರಿವಿಲ್ಲದೆ ನಗು ಬಂತು. ಆಗ ಮೂಲೆಯಲ್ಲಿ ಮೂರನೆಯದನ್ನು ಕಂಡೆ. ಗಿಣಿ ಅದನ್ನು ನೆಕ್ಕುತ್ತಿತ್ತು, ಮೂಗಿನಿಂದ ನೂಕುತ್ತಿತ್ತು, ಮತ್ತೆ ನೆಕ್ಕುತ್ತಿತ್ತು. ಮರಿ ಅಲುಗಲಿಲ್ಲ. ಕಡೆಗೆ ತಾಯಿ ಅದನ್ನು ಬಿಟ್ಟು ಉಳಿದೆರಡರ ಕಡೆ ತಿರುಗಿತು.

ನಾನು ಎದ್ದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಇನ್ನೊಂದು ಕೈಯಿಂದ ಆ ಮರಿಯನ್ನು ಎತ್ತಿ ಸೆರಗಿನಲ್ಲಿಟ್ಟುಕೊಂಡರು.

"ಕುಂಡರು. ನೋಡು ಇದನ್ನ. ನೋಡಿ ಮಣ್ಣು ಮಾಡೂಣು."

"ನನಗಾಗೂದಿಲ್ಲರಿ ಅತ್ತಿ."

"ನೋಡಲಿಲ್ಲಂದ್ರ ಅದು ಮನಸಿನ್ಯಾಗಿಂದ ಹೋಗೂದಿಲ್ಲ ತಂಗಿ." ಮರಿಯ ಮೈಯನ್ನು ಹೆಬ್ಬೆರಳಿನಿಂದ ಸವರುತ್ತ ಹೇಳಿದರು: "ನಿನ್ನ ಕೂಸನ್ನ ನಾ ನೋಡೇನಿ. ಈ ಕೈಯಾಗ ಹಿಡದೇನಿ."

ನಾನು ಕುಳಿತೆ.

"ಹೆಣ್ಣು. ತಲಿತುಂಬ ಕೂದಲಿದ್ದವು. ಮೂಗು ನಿಂದಽ. ನಾನಽ ಮೈ ತೊಳದು, ನನ್ನ ಹಳೇ ಇಳಕಲ್ ಸೀರಿ ಹರದು ಸುತ್ತಿದ್ನಿ. ತ್ವಾಟದಾಗ ಬಾವಿ ಮಗ್ಗಲ ಮಲಗಿಸೇವಿ. ಬಾಣಂತಿಗೆ ಹೇಳಬಾರದು, ಎದಿ ಒಡಕೋತಾಳ ಅಂದ್ರು ಎಲ್ಲಾರೂ. ಆಮ್ಯಾಲ ನೀ ಕೇಳಿದ್ರ ಹೇಳೂಣಂತ ದಾರಿ ನೋಡಿದ್ನಿ. ನೀ ಕೇಳಲೇ ಇಲ್ಲ."

"ನೀವು ಹೇಳ್ತೀರೇನೋ ಅಂತ ನಾ ದಾರಿ ನೋಡಿದ್ನಿರಿ."

ಅತ್ತೆ ತಲೆಯಾಡಿಸಿದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೆ ಅಳು ಬಂತು, ವರ್ಷದಿಂದ ಬಾರದೆ ಇದ್ದದ್ದು. ಅವರು ತಡೆಯಲಿಲ್ಲ, ಸುಮ್ಮನಿರು ಎನ್ನಲಿಲ್ಲ. ಪೆಟ್ಟಿಗೆಯೊಳಗೆ ಮರಿಗಳು ಹಾಲಿಗಾಗಿ ತಾಯಿಯ ಹೊಟ್ಟೆಯಡಿ ನುಗ್ಗಾಡುತ್ತಿದ್ದವು. ಅಳು ಇಳಿದ ಮೇಲೆ ನಾನು ಕೈ ಚಾಚಿದೆ. ಅತ್ತೆ ಆ ಸತ್ತ ಮರಿಯನ್ನು ನನ್ನ ಅಂಗೈಗಿಟ್ಟರು. ನೋಡಿದೆ. ಕಿವಿಗಳು ಹೂವಿನ ಎಸಳಿನಷ್ಟಿದ್ದವು. ಹೆದರಿಕೆಯಾಗಲಿಲ್ಲ.

ಗಿಣಿ ಮುಂದೆ ಕಾಲೇಜಿಗೆ ಹೋಗಲಿಲ್ಲ. ಜೂನಿನಲ್ಲಿ ಇವರು ವಿಭಾಗದ ಮುಖ್ಯಸ್ಥರನ್ನು ಕೇಳಿ, ಮನೆಯಲ್ಲೇ ಇಟ್ಟುಕೊಳ್ಳಲು ಒಪ್ಪಿಗೆ ತಂದರು. ಮರಿಗಳಲ್ಲೊಂದು ಕಲ್ಲವ್ವನ ಮನೆ ಸೇರಿತು. ಅಂದು ಬಾಯಿ ಮುಚ್ಚಿಕೊಂಡು ಹೋಗಿದ್ದವಳು ತಾನೇ ಬಂದು ಕೇಳಿ ಒಯ್ದಳು. ಗಿಣಿ ನಮ್ಮಲ್ಲಿ ಕೆಲವು ವರ್ಷ ಬಾಳಿ, ಮುದಿಯಾಗಿ, ಹುಲ್ಲಿನಲ್ಲಿ ಮಲಗಿದಂತೆಯೇ ಒಂದು ಚಳಿಗಾಲ ಕಣ್ಣುಮುಚ್ಚಿತು. ಅಡಿಗೆಮನೆಯ ಹೊಸ್ತಿಲನ್ನು ಅದು ಎಂದೋ ದಾಟಿಯಾಗಿತ್ತು. ದಾಟಿಸಿದವರು ಅತ್ತೆಯೇ.

ಪ್ರೀತಿಯ ಬಗೆಗೆ ನಾನು ದೊಡ್ಡ ಮಾತು ಆಡಬಲ್ಲವಳಲ್ಲ. ಇಷ್ಟು ಮಾತ್ರ ಗೊತ್ತು: ಸಾಕಿದ ಪ್ರಾಣಿಯ ಮುಂದೆ ಮನುಷ್ಯರಿಗೆ ಸಂಕೋಚವಿರುವುದಿಲ್ಲ. ಅದರತ್ತ ನೋಡುತ್ತ ಆಡಿದ ಮಾತು ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತದೆ.

ಗಿಣಿ ಹೆತ್ತ ಆ ದಿನ ಸಂಜೆ, ಬಿಸಿಲು ಇಳಿದ ಮೇಲೆ, ನಾನೂ ಅತ್ತೆಯೂ ತೋಟಕ್ಕೆ ಹೋದೆವು. ಬಾವಿಯ ಮಗ್ಗುಲಲ್ಲಿ, ಎಳೆಯ ಲಿಂಬೆಗಿಡದ ಬುಡದಲ್ಲಿ ಅವರು ಜಾಗ ತೋರಿಸಿದರು. ಅದರಾಚೆ ಕೈಯಗಲ ಗುಂಡಿ ತೋಡಿ ಮರಿಯನ್ನಿಟ್ಟೆವು. ಮಣ್ಣು ಮುಚ್ಚಿ, ಕೈ ತೊಳೆದುಕೊಂಡು, ಬಾವಿಯ ಕಟ್ಟೆಯ ಮೇಲೆ ಕುಳಿತೆವು. ಅತ್ತೆ ನನ್ನ ಕಡೆ ತಿರುಗಿದರು.

"ಹೆಣ್ಣಾದ್ರ ಏನ್ ಹೆಸರಿಡಬೇಕಂತ ಮಾಡಿದ್ದಿ?"

ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಹೆಸರು. ಇವರಿಗೂ ಹೇಳಿರಲಿಲ್ಲ. ಬಾಯಿಂದ ಬರುತ್ತದೋ ಇಲ್ಲವೋ ಎಂದು ನನಗೇ ಅನುಮಾನವಿತ್ತು.

"ನೀಲಾಂಬಿಕಾ ಅಂತರಿ."

ಅತ್ತೆ ಲಿಂಬೆಗಿಡದ ಕಡೆ ನೋಡಿದರು. ಹೊಸದೊಂದು ಹೆಸರನ್ನು ನಾಲಗೆಗೆ ರೂಢಿ ಮಾಡಿಕೊಳ್ಳುವವರಂತೆ, "ನೀಲವ್ವ" ಎಂದರು.