ಗೋಡೆಯಿಂದ ಬಿಡಿಸಿ ತಂದ ಚಿತ್ರ

ಸೊರಬದಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಳಕೋಣೆಯ ಗೋಡೆಯ ಮೇಲೆ ನಮ್ಮ ಮಗಳು ಕ್ರೆಯಾನ್‌ನಲ್ಲಿ ಒಂದು ಚಿತ್ರ ಬರೆದಿದ್ದಳು. ಗುಡವಿಯ ಪಕ್ಷಿಧಾಮದಲ್ಲಿ ಹಕ್ಕಿ ನೋಡಿ ಬಂದ ದಿನ ಕೈಕಾಲು ಕೂಡ ತೊಳೆಯದೆ ಕೂತು ಬರೆದದ್ದು. ದೊಡ್ಡದೊಂದು ಹಳದಿ ಹಕ್ಕಿ, ಅದರ ಕಾಲ ಬಳಿ ಪುಟ್ಟದಾಗಿ ಕೈ ಕೈ ಹಿಡಿದ ನಾವು ಮೂವರು.

"ಇಷ್ಟ್ ದೊಡ್ಡ ಹಕ್ಕಿ ಎಲ್ಲಿತ್ತೇ?" ಎಂದು ಕೇಳಿದೆ.

"ಇತ್ತು. ನೀನು ಅಪ್ಪನ ಹತ್ರ ಮಾತಾಡ್ತಾ ಇದ್ದೆ, ನೋಡ್ಲಿಲ್ಲ," ಎಂದಳು.

ಅದೇ ವರ್ಷ ಅವಳಿಗೆ ಜ್ವರ ಬಂತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಂದ ಅವಳು ನಡೆದು ಬರಲಿಲ್ಲ, ನಾವು ಹೊತ್ತು ತಂದೆವು. ಆರು ವರ್ಷದ ಮಗು.

ಆಮೇಲೆ ನನ್ನ ಗಂಡ ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟರು. ಅವಳ ಹೆಸರು ಅವರ ಬಾಯಲ್ಲಿ ಬರುತ್ತಿರಲಿಲ್ಲ. ನಾನು ಮಾತ್ರ ಆ ಗೋಡೆಗೆ ಒತ್ತಿಕೊಂಡೇ ಚಾಪೆ ಹಾಸಿ ಮಲಗುತ್ತಿದ್ದೆ. ಅವರಿಗೆ ಶಿಕಾರಿಪುರದ ಅಡಿಕೆ ಮಂಡಿಯಲ್ಲಿ ಕೆಲಸ ಸಿಕ್ಕಿ, ಅಲ್ಲಿಗೇ ಹೋಗಿಬಿಡೋಣ ಎಂದಾಗ ನಾನು ಒಪ್ಪಲಿಲ್ಲ.

"ನಾವು ಹೋದ್ಮೇಲೆ ಆ ಗೋಡೆಗೆ ಬಣ್ಣ ಹೊಡಿಸ್ತಾರೆ ಕಣ್ರೀ."

ಅವರು ಎದ್ದು ಹೊರಗೆ ಹೋದರು. ಮರುದಿನ ಒಬ್ಬ ಗಾರೆ ಕೆಲಸದವನನ್ನು ಕರೆದುಕೊಂಡು ಬಂದರು. ಮನೆಯ ಯಜಮಾನತಿ, ವಯಸ್ಸಾದ ಹೆಂಗಸು, ಹಿಂದೆಯೇ ಬಂದು, "ಎಷ್ಟ್ ಬೇಕೋ ಅಷ್ಟ್ ಕಿತ್ಕಳಿ ಮಗಾ. ಗೋಡೆ ಮತ್ತೆ ಮೆತ್ತಿಸ್ಬೋದು," ಎಂದು ಕಣ್ಣೊರೆಸಿಕೊಂಡರು.

"ಹಳೇ ಗಾರೆ ಅಕ್ಕಾ, ಪೂರ್ತಿ ಬರುತ್ತೆ ಅಂತ ಹೇಳೋಕಾಗಲ್ಲ," ಎಂದು ಗಾರೆಯವನು ಮೊದಲೇ ಎಚ್ಚರಿಸಿದ್ದ. ಚಿತ್ರದ ಸುತ್ತ ಕೊರೆದು, ಹಿಂದಿನಿಂದ ಮೆಲ್ಲಗೆ ಬಿಡಿಸಿದ. ಕೆಳಗೆ ಹಲಗೆ ಹಿಡಿದು ನಿಂತವರು ನನ್ನ ಗಂಡ. ಹಕ್ಕಿ ಬಂತು. ಅಪ್ಪ ಬಂದ, ಅಮ್ಮ ಬಂದಳು. ನಮ್ಮಿಬ್ಬರ ಕೈ ಹಿಡಿದು ನಡುವೆ ನಿಂತಿದ್ದವಳು ಪುಡಿಯಾಗಿ ನೆಲಕ್ಕೆ ಸುರಿದಳು.

ಅವರು ಹಲಗೆಯನ್ನು ಕೆಳಗಿಟ್ಟು, ಹೆಗಲ ಮೇಲಿನ ಟವೆಲ್ ಹಾಸಿ, ಎರಡೂ ಕೈಯಿಂದ ಆ ಪುಡಿಯನ್ನು ಬಾಚತೊಡಗಿದರು. ಆಸ್ಪತ್ರೆಯಲ್ಲೂ ಮಣ್ಣು ಮಾಡುವಾಗಲೂ ಅಳದಿದ್ದವರು ಅಂದು ಬಿಕ್ಕಿ ಬಿಕ್ಕಿ ಅತ್ತರು. ಗಾರೆ ಕೆಲಸದವನು ಹೊರಗೆ ಹೋಗಿ ನಿಂತ.

ಉಳಿದ ತುಂಡುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಶಿಕಾರಿಪುರದ ಫ್ರೇಮ್ ಅಂಗಡಿಗೆ ಕೊಂಡೊಯ್ದೆವು. ಅಂಗಡಿಯವರು ಪೆಟ್ಟಿಗೆಯಂಥ ಆಳವಾದ ಕಟ್ಟು ಮಾಡಬೇಕೆಂದರು. ಗಾಜು ಚಿತ್ರಕ್ಕೆ ತಾಗಿದರೆ ಬಣ್ಣ ಗಾಜಿಗೇ ಅಂಟಿಕೊಳ್ಳುತ್ತದಂತೆ. ತುಂಡುಗಳನ್ನು ಜೋಡಿಸಿ, ನಡುವೆ ಯಾರಿದ್ದರೆಂದು ಕೇಳಿ ತಿಳಿದು, "ನಡುವೆ ಗಾರೆ ತುಂಬಿ, ಹುಡುಗೀನ್ನ ಬರದು ಕೊಡ್ಲೇನ್ರೀ? ಯಾರಿಗೂ ಗೊತ್ತಾಗಂಗಿಲ್ಲ," ಎಂದರು. ನನಗೆ ಆಸೆಯಾಯಿತು. ಹೂಂ ಎನ್ನುವವಳಿದ್ದೆ.

"ಬ್ಯಾಡ್ರಿ," ಎಂದರು ನನ್ನ ಗಂಡ. ಅವಳ ಹೆಸರು ಹೇಳಿ, "ಅವ್ಳನ್ನ ಬೇರೆಯವ್ರು ಬರಿಯೋದು ಬ್ಯಾಡ," ಎಂದರು. ಎಷ್ಟೋ ತಿಂಗಳ ಮೇಲೆ ಆ ಹೆಸರನ್ನು ಅವರ ದನಿಯಲ್ಲಿ ಕೇಳಿದೆ.

ಕಟ್ಟು ಬಹಳ ಭಾರ. ಮೊಳೆ ತಡೆಯುವುದಿಲ್ಲವೆಂದು, ಹೊಸ ಮನೆಯಲ್ಲಿ ಬಿಸಿಲು ಬೀಳದ ಗೋಡೆಗೆ ಹಲಗೆ ಹೊಡೆಸಿ ಅದರ ಮೇಲೆ ನಿಲ್ಲಿಸಿದ್ದೇವೆ. ಪುಡಿಯ ಟವೆಲ್ ಗಂಟು ಕಟ್ಟಿದ ಹಾಗೆಯೇ ಬೀರುವಿನಲ್ಲಿದೆ. ಅದನ್ನೇನು ಮಾಡಬೇಕೆಂದು ನಮಗಿಬ್ಬರಿಗೂ ತಿಳಿದಿಲ್ಲ.

ಈಗ ಅವರು ಊಟಕ್ಕೆ ಚಿತ್ರದ ಎದುರಿಗೇ ಕೂರುತ್ತಾರೆ. ಮಂಡಿಯಲ್ಲಿ ನಡೆದದ್ದನ್ನೆಲ್ಲ ಒಮ್ಮೊಮ್ಮೆ ಅತ್ತ ನೋಡಿಕೊಂಡೇ ಹೇಳುತ್ತಾರೆ. ನನಗೆ ಮಾತ್ರ ನಡುವಿನ ಆ ಖಾಲಿ ಜಾಗ ನೋಡಲು ಆಗುವುದಿಲ್ಲ. ಗೋಡೆಗೆ ಬೆನ್ನು ಹಾಕಿ ಕೂತು ಉಣ್ಣುತ್ತೇನೆ.