ಹೆಂಟೆ ಮಾವ ಕೊಟ್ಟ ಕೆಳಹೊಲ

ಹೊಗೆಸೊಪ್ಪಿನ ಹೊಲದಲ್ಲಿ ನಾನು ದಿನಗೂಲಿ. ಮೋಡ ಕಟ್ಟಿದರೆ ಯಜಮಾನರು ಗೊಬ್ಬರದ ಚೀಲಗಳಿಗೆ ಟಾರ್ಪಾಲು ಹೊದಿಸಿ, ನನ್ನ ಕೈಗೆ ಗುದ್ದಲಿ ಕೊಟ್ಟು ಮಳೆಗೆ ಕಳಿಸುತ್ತಿದ್ದರು. ನೆನೆದರೆ ಕೆಡುವ ಸರಕು ನಾನಲ್ಲ ಎಂದು ಅವರಿಗೆ ಗೊತ್ತಿತ್ತು.

ಅವರಿಗೆ ನಾವಿಟ್ಟ ಹೆಸರು ಹೆಂಟೆ ಮಾವ. ಉಳುಮೆ ಮುಗಿದ ಹೊಲವನ್ನು ಬರಿಗಾಲಲ್ಲಿ ಸುತ್ತಿ, ಕಾಲಿಗೆ ಸಿಕ್ಕ ಮಣ್ಣಿನ ಹೆಂಟೆಯನ್ನು, ಒಡೆಯದೆ ಬಿಟ್ಟವನ ಬೆನ್ನಿಗೇ ಎಸೆಯುತ್ತಿದ್ದರು. "ಬೇರು ಇದರೊಳಗೆ ಹೇಗೋ ಇಳಿಯತ್ತೆ? ನಿನ್ನ ತಲೆಯೊಳಗೆ ಮಾತು ಇಳಿದ ಹಾಗಾ?"

ಅವರ ಒಬ್ಬಳೇ ಮಗಳು ಗಂಡನ ಜೊತೆ, ಎಲೆ ಬೇಯಿಸುವ ಬ್ಯಾರನ್ನಿಗೆ ಅಂಟಿದ ಕೋಣೆಯಲ್ಲಿದ್ದಳು. ಒಲೆ ಹೊತ್ತಿದರೆ ಆ ಗೋಡೆ ಮುಟ್ಟುವ ಹಾಗಿರಲಿಲ್ಲ. ಬಸುರಿಯಾದಾಗ ಅವಳು ಹಟ ಹಿಡಿದಳು, ಕೂಸು ಇಲ್ಲಿ ಹುಟ್ಟಬಾರದು ಎಂದು. ಮಾವ ನಮ್ಮೆಲ್ಲರ ಮುಂದೆ ಅಳಿಯನಿಗೆ ಹೇಳಿದರು: "ಕೆಳಹೊಲದಲ್ಲಿ ಹೊಗೆಸೊಪ್ಪಿನ ಒಂದು ಬೆಳೆ ತೆಗೆದು ತೋರಿಸು. ಹೊಲಾನೂ ನಿಂದು, ಅಲ್ಲಿರೋ ಮನೇನೂ ನಿಂದು."

ಅಳಿಯ ಮೆಕ್ಕೆಜೋಳ ಬೆಳೆಯುವವರ ಮನೆಯವನು. ಹೊಲವನ್ನು ಹಿಟ್ಟಿನಂತೆ ಹದ ಮಾಡಿದ, ನೀರು ನಿಲ್ಲದಂತೆ ಸಾಲು ಏರಿಸಿದ. ಅಲ್ಲಿಯವರೆಗೆ ಎಲ್ಲ ಸರಿ. ಗಿಡ ಸೊಂಟದೆತ್ತರ ಬಂದಾಗ, ಜೋಳಕ್ಕೆ ಹಾಕುವಂತೆ ಇನ್ನೊಂದು ಸುತ್ತು ಯೂರಿಯಾ ತರಿಸಿದ. ಮಾವ ಬದುವಿನ ಮೇಲೆ ಕೂತು ನೋಡುತ್ತಿದ್ದರು.

"ಹಾಕ್ಲಾ ಮಾವ?"

"ಹೊಲ ಯಾರ್ದು?"

"ನಂದು ಅಂದಿದ್ರಲ್ಲ."

"ಮತ್ತೆ ನನ್ನೇನು ಕೇಳ್ತೀಯ? ಗಂಡಸಲ್ವಾ? ಹಾಕು."

ಕೆಲವೇ ದಿನಗಳಲ್ಲಿ ಎಲೆ ಕಡುಹಸಿರಾಗಿ ಮೊರದಗಲವಾಯಿತು. "ಏನು ಬೆಳೆ ಅಳಿಯಂದ್ರೇ! ಇಂಥ ಹಸಿರು ನಾನೇ ಕಂಡಿಲ್ಲ" ಎಂದು ಮಾವ ದಾರಿಹೋಕರನ್ನೂ ಕರೆದು ತೋರಿಸಿದರು. ಅಳಿಯ ಉಬ್ಬಿದ. ಚೀಲ ಹೊತ್ತ ನಾನೂ ಉಬ್ಬಿ, ಗಿಡದ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಮಗಳು ಕೆಳಹೊಲದ ಮನೆಗೆ ಸುಣ್ಣ ಬಳಿದಳು.

ಮೇಲುಹೊಲದಲ್ಲಿ ಮಾವನ ಎಲೆ ಬುಡದಿಂದ ಹಳದಿಗೆ ತಿರುಗಿ ಕೊಯ್ಲಾಗತೊಡಗಿತು. ಕೆಳಹೊಲ ಮಾತ್ರ ಹಸಿರು ಬಿಡಲಿಲ್ಲ. ಹೊಟ್ಟೆ ಬಿರಿಯುವಷ್ಟು ಯೂರಿಯಾ ಉಂಡ ಗಿಡಕ್ಕೆ ಮಾಗುವ ಮನಸ್ಸೇ ಇರಲಿಲ್ಲ. ಕಾದು ಸಾಕಾಗಿ ಹಾಗೇ ಮುರಿದು ಬ್ಯಾರನ್ನಿಗೆ ಏರಿಸಿದೆವು. ಬಾಗಿಲು ತೆಗೆದರೆ ಅರ್ಧ ಎಲೆ ಕಪ್ಪು, ಅರ್ಧ ಒಣಗಿಯೂ ಹಸಿರು.

ಮಾವ ಒಂದು ಎಲೆ ಎತ್ತಿ ಮೂಸಿ, ಅಳಿಯನ ಹೆಗಲಿಗೆ ಟವೆಲಿನಂತೆ ಹಾಕಿದರು. "ಜೋಳ ಚೆನ್ನಾಗಿ ಬಂದಿದೆ."

ಕೂಲಿಯವರೆಲ್ಲ ನಕ್ಕರು. ಯಜಮಾನರ ಜೋಕಿಗೆ ನಗುವುದೂ ಕೂಲಿಯಲ್ಲೇ ಸೇರಿದ್ದರಿಂದ ನಾನೂ ನಕ್ಕೆ.

ಮಗಳು ನಗಲಿಲ್ಲ. "ಅಪ್ಪಾ, ಕೆಡತ್ತೆ ಅಂತ ನಿಂಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನು?"

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೆಳೆ ಬಂದ್ಬಿಡ್ತಿತ್ತು ಕಣೇ."

ಮಗು ಬ್ಯಾರನ್ನಿಗೆ ಅಂಟಿದ ಆ ಕೋಣೆಯಲ್ಲೇ ಹುಟ್ಟಿತು, ಮೇಲುಹೊಲದ ಕೊನೆಯ ಎಲೆ ಬೇಯುತ್ತಿದ್ದಾಗ. ಅಳಿಯ ಓಡಿ ಬಂದು, ಬೆಂಕಿ ಸ್ವಲ್ಪ ತಗ್ಗಿಸಿ ಎಂದು ಕೈಮುಗಿದ.

"ತಗ್ಗಿಸಿದ್ರೆ ಎಲೆ ಹಾಳಾಗತ್ತೆ. ಈ ಸಲ ಮುಂಚೇನೇ ಹೇಳ್ತಿದೀನಿ, ನೋಡು" ಎಂದ ಮಾವ, ಇನ್ನೊಂದು ಸೌದೆ ಒಳಗೆ ತಳ್ಳುವಂತೆ ನನಗೆ ಕಣ್ಸನ್ನೆ ಮಾಡಿದರು.

ತಳ್ಳಿದೆ.