ಬೇರೆ ಯಾರಿಗೂ ಹೊಂದದ ಒಂದು ಸಾಲು

ಹದಿನಾರು ವರ್ಷಗಳಿಂದ ನಾನು ಒಂದೇ ಶ್ರದ್ಧಾಂಜಲಿಯನ್ನು ಬರೆಯುತ್ತಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಮ್ಮ ಹತ್ತಿರ ಮುಚ್ಚಿಟ್ಟು ಆಗಬೇಕಾದ್ದೇನು? ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ನಾಮಕರಣ, ಮದುವೆ, ಗೃಹಪ್ರವೇಶ, ಕೊನೆಗೆ ಶಿವಗಣಾರಾಧನೆ, ಹೀಗೆ ಮನುಷ್ಯನ ಬಾಳಿನ ಕಾರ್ಡುಗಳೆಲ್ಲ ನನ್ನ ಕಂಪ್ಯೂಟರಿನಿಂದ ಹೊರಡುತ್ತವೆ. ಹರೆಯದಲ್ಲಿ ನಾಲ್ಕಾರು ಕವಿತೆ ಬರೆದು ಊರಿನ ಕವಿಗೋಷ್ಠಿಗಳಲ್ಲಿ ಓದಿದ್ದೆ. ಆ ತಪ್ಪಿಗೆ ಜನ ಈಗಲೂ ನನ್ನ ಅಂಗಡಿಯನ್ನು ಕವಿಗಳ ಅಂಗಡಿ ಎನ್ನುತ್ತಾರೆ. ತೀರಿಕೊಂಡವರ ಫೋಟೋ ಮೇಜಿನ ಮೇಲಿಟ್ಟು, “ಎರಡು ಸಾಲು ನೀವೇ ಹಾಕಿಬಿಡಿ” ಎಂದು ಹೇಳಿ ಶಾಮಿಯಾನದವನನ್ನು ಹುಡುಕಿಕೊಂಡು ಹೋಗುತ್ತಾರೆ.

ನಾನು ಹಾಕಿಬಿಡುತ್ತೇನೆ. “ನಗುಮೊಗದಿ ಬಾಳಿದಿರಿ ನಮಗೆಲ್ಲ ನೆರಳಾಗಿ, ನಡೆದ ದಾರಿಯೆ ನಮಗೆ ಬೆಳಕಿನ ಗೆರೆಯಾಗಿ.” ಇದನ್ನು ಮೊದಲ ಸಲ ಬರೆದದ್ದು ನನ್ನ ಸೋದರಮಾವನಿಗೆ. ಅವರು ನಿಜಕ್ಕೂ ನಗುಮೊಗದವರೇ. ಅಂದು ಬರೆಯುವಾಗ ಕಣ್ಣು ಒದ್ದೆಯಾಗಿತ್ತು. ಆಮೇಲೆ ಇದೇ ಸಾಲು ಜನ್ಮದಲ್ಲಿ ಹಲ್ಲು ತೋರಿಸದ ಅಡಿಕೆ ಮಂಡಿ ಸಾಹುಕಾರರಿಗೂ ಹೋಯಿತು. ಸಂಜೆಯಾದರೆ ಬಾರಿನ ದಾರಿಯೊಂದನ್ನೇ ನಡೆದಿದ್ದ ಒಬ್ಬ ಕಂಟ್ರಾಕ್ಟರರಿಗೂ ಹೋಯಿತು. ಅವರ ಮಕ್ಕಳು ಆ ದಾರಿಯನ್ನು ಬೆಳಕಿನ ಗೆರೆ ಎಂದು ತಿಳಿದುಬಿಟ್ಟರೆ ಗತಿಯೇನು ಎಂದು ಒಂದು ಕ್ಷಣ ಅನ್ನಿಸಿತ್ತು. ಯಾರೂ ಏನೂ ಕೇಳಲಿಲ್ಲ. ಕೇಳದೇ ಇದ್ದದ್ದರಿಂದ ನಾನೂ ಬದಲಿಸಲಿಲ್ಲ.

ಹಾಗೆಂದು ನಾನು ಪ್ರಯತ್ನವನ್ನೇ ಮಾಡಲಿಲ್ಲವೆಂದು ತಿಳಿಯಬೇಡಿ. ಒಮ್ಮೆ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ‘ದಿನನಿತ್ಯದ ಬದುಕಿನಲ್ಲಿ ಸೃಜನಶೀಲತೆ’ ಎಂಬ ಕಾರ್ಯಾಗಾರ ನಡೆಯಿತು. ಪ್ರಮಾಣಪತ್ರಗಳನ್ನು ಮುದ್ರಿಸಿಕೊಟ್ಟವನು ನಾನೇ ಆದ್ದರಿಂದ, ಅವುಗಳ ಕಟ್ಟಿನ ಜೊತೆ ನನ್ನನ್ನೂ ಒಳಗೆ ಬಿಟ್ಟರು. ಮಾತಾಡಿದ ತಾಯಿ ಉತ್ಸಾಹದ ಬುಗ್ಗೆ. ಎಡಗೈಯಲ್ಲಿ ಹಲ್ಲುಜ್ಜಿ, ದಿನಾ ಹೊಸ ದಾರಿಯಲ್ಲಿ ನಡೆಯಿರಿ, ಮೆದುಳು ಚುರುಕಾಗುತ್ತದೆ ಎಂದರು. ಮರುದಿನವೇ ಶುರು ಮಾಡಿದೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬಂತು. ನನ್ನ ಹೆಂಡತಿ ಸರೋಜ ಬಚ್ಚಲ ಬಾಗಿಲಲ್ಲಿ ನಿಂತು, “ಮಾರಾಯ್ರೆ, ಹಲ್ಲುಜ್ತಿದೀರೋ ಗೋಡೆಗೆ ಸುಣ್ಣ ಬಳೀತಿದೀರೋ?” ಎಂದಳು. ಹೊಸ ದಾರಿಯೆಂದು ರಾಗಿಗುಡ್ಡದ ಕಡೆಯ ಗಲ್ಲಿಗಳಲ್ಲಿ ಸುತ್ತಿದೆ. ಮೂರನೇ ದಿನ ಒಬ್ಬರು ಅಡ್ಡ ನಿಂತು, “ದಿನಾ ಬಂದು ಮನೆ ನೋಡ್ಕೊಂಡು ಹೋಗ್ತೀರಲ್ಲ, ಯಾವ ಆಫೀಸಿನೋರು ನೀವು?” ಎಂದು ವಿಚಾರಿಸಿದರು. ನಾಲ್ಕನೇ ದಿನದಿಂದ ಹಳೆಯ ದಾರಿ, ಬಲಗೈ.

ನಮ್ಮ ಹಳೆಯ ಲಾಕ್ಷಣಿಕರು ಕವಿಗೆ ಮೂರು ಬೇಕೆನ್ನುತ್ತಾರೆ: ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ. ಹುಟ್ಟಿನಿಂದ ಬಂದ ಹೊಳಹು ಒಂದು, ಲೋಕವನ್ನೂ ಶಾಸ್ತ್ರವನ್ನೂ ನೋಡಿ ಗಳಿಸಿದ ತಿಳಿವು ಇನ್ನೊಂದು, ಮತ್ತೆ ಮತ್ತೆ ಮಾಡಿ ಪಳಗುವುದು ಮೂರನೆಯದು. ನನ್ನಲ್ಲಿ ಮೊದಲಿನೆರಡು ಎಷ್ಟಿದ್ದವೋ ಕಾಣೆ. ಮೂರನೆಯದೊಂದೇ ಉಳಿದು, ಅದೇ ಬೆಳೆದು, ಉಳಿದೆರಡನ್ನು ತಿಂದು ಹಾಕಿತು. ಹಳೆಯ ಫೈಲು ತೆರೆಯುವುದು, ಹೆಸರು ಬದಲಿಸುವುದು, ಫೋಟೋ ಕೂರಿಸುವುದು, ಪ್ರಿಂಟ್ ಒತ್ತುವುದು. ಹೀಗೆ ಇಳಿಯುತ್ತ ಇಳಿಯುತ್ತ ಮನುಷ್ಯ ಎಲ್ಲಿಗೆ ಮುಟ್ಟುತ್ತಾನೆ ಎನ್ನುವುದು ಹೋದ ವರ್ಷ ಗೊತ್ತಾಯಿತು.

ಭದ್ರಾವತಿಯಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ರುದ್ರಪ್ಪ. ಹೈಸ್ಕೂಲಿನಲ್ಲಿ ಒಂದೇ ಬೆಂಚು. ಮುಂದೆ ಅವನು ಕಾರ್ಖಾನೆ ಸೇರಿ, ಎರಕ ಹೊಯ್ಯುವುದಕ್ಕೆ ಬೇಕಾದ ಮರದ ಅಚ್ಚುಗಳನ್ನು ಮಾಡುವ ವಿಭಾಗದಲ್ಲಿ ನಿವೃತ್ತಿಯವರೆಗೂ ದುಡಿದ. ಹೋದ ವರ್ಷ ಅವನ ಹೆಂಡತಿ ಶಾಂತಮ್ಮ ತೀರಿಕೊಂಡರು. ಬೆಳಿಗ್ಗೆ ಕಾಫಿ ಸೋಸಿಟ್ಟು ಕುರ್ಚಿಯ ಮೇಲೆ ಕೂತವರು ಏಳಲಿಲ್ಲ. ಶಿವಗಣಾರಾಧನೆಯ ಕಾರ್ಡು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಇನ್ನಾರ ಪಾಲಿಗೆ ಬರಬೇಕು? ಗೆಳೆಯ, ಕವಿ, ಮೇಲಾಗಿ ಸ್ವಂತ ಅಂಗಡಿ.

ಅದೇ ದಿನ ಎರಡು ಮದುವೆಯ ಕಾರ್ಡು ಕೊಡಬೇಕಿತ್ತು. ನಾನು ಅಭ್ಯಾಸಬಲದಿಂದ ಒಂದು ಹಳೆಯ ಫೈಲು ತೆರೆದೆ. ಹೆಸರು, ಊರು, ದಿನಾಂಕ, ಫೋಟೋ ಎಲ್ಲ ಬದಲಿಸಿದೆ. ನಡುವಿನ ಒಂದು ಸಾಲನ್ನು ಹಾಗೇ ಬಿಟ್ಟುಬಿಟ್ಟೆ. ಕಾರ್ಡು ಅಚ್ಚಾಯಿತು, ಹಂಚಿಯಾಯಿತು. ಆರಾಧನೆಗೆ ಬಂದವರು ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು, ಫೋಟೋಕ್ಕೆ ಕೈ ಮುಗಿದರು, ಪ್ರಸಾದ ಮಾಡಿದರು. ನಾನು ರುದ್ರಪ್ಪನ ಪಕ್ಕದಲ್ಲಿಯೇ ಕೂತು ಪಾಯಸ ತಿಂದೆ. ಒಬ್ಬರೂ ಏನೂ ಅನ್ನಲಿಲ್ಲ.

ಐದಾರು ದಿನ ಕಳೆದ ಮೇಲೆ ರುದ್ರಪ್ಪನ ಫೋನು ಬಂತು.

“ಒಂದು ಮಾತು ಕೇಳ್ಬೇಕಿತ್ತು ಮಾರಾಯ. ನಮ್ಮ ಶಾಂತಾ ಯಾವಾಗ ಅಡಿಕೆ ವ್ಯಾಪಾರ ಮಾಡಿದ್ಲು?”

ನನಗೆ ಅರ್ಥವಾಗಲಿಲ್ಲ. ಅವನು ಕಾರ್ಡನ್ನು ನಿಧಾನವಾಗಿ ಓದಿದ: “ಅಡಿಕೆ ವ್ಯಾಪಾರದಲ್ಲಿ ಪ್ರಾಮಾಣಿಕತೆಗೆ ಹೆಸರಾಗಿ, ಹತ್ತಾರು ಕುಟುಂಬಗಳಿಗೆ ದಾರಿದೀಪವಾಗಿದ್ದ.” ಮಂಡಿಯ ಮೆಟ್ಟಿಲನ್ನೇ ಹತ್ತದ ಹೆಂಗಸನ್ನು ನಾನು ಅಡಿಕೆ ವ್ಯಾಪಾರಿಯಾಗಿ ಕಳುಹಿಸಿಕೊಟ್ಟಿದ್ದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವನು ಬೈಯಲಿಲ್ಲ.

“ಹೋಗ್ಲಿ ಬಿಡು. ನಂಟರೆಲ್ಲ ಓದಿದಾರೆ, ಯಾರಿಗೂ ಗೊತ್ತಾಗಿಲ್ಲ. ಅದೇ ನಂಗೆ ಸಂಕಟ. ಈಗ ಅವಳ ಫೋಟೋಗೆ ತೇಗದ ಕಟ್ಟು ಮಾಡ್ತಿದೀನಿ. ಕೆಳಗಡೆ ಕೆತ್ತೋಕೆ ಒಂದು ಪಟ್ಟಿ ಬಿಟ್ಟಿದೀನಿ. ಒಂದೇ ಒಂದು ಸಾಲು ಬರ್ಕೊಡು. ಅದು ಬೇರೆ ಯಾರಿಗೂ ಹೊಂದಬಾರದು.” ಮತ್ತೆ ಸೇರಿಸಿದ: “ಒಂದು ಅಚ್ಚು ಮಾಡಿ ಅದರಲ್ಲಿ ಸಾವಿರ ಎರಕ ತೆಗೆಯೋ ಕೆಲಸ ಜೀವಮಾನವಿಡೀ ಮಾಡಿದೀನಿ ಕಣೋ. ಹೆಂಡ್ತೀನ ಹಂಗೆ ತೆಗೀಬೇಡ.”

ಒಂದು ವಾರ ನಾನು ಆ ಒಂದು ಸಾಲಿಗಾಗಿ ಪಟ್ಟ ಪಾಡು ನನಗೇ ಗೊತ್ತು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹಾಳೆ ಹರಡಿಕೊಂಡು ಕೂರುತ್ತಿದ್ದೆ. ಬರೆದರೆ ನಗುಮೊಗ, ಹೊಡೆದುಹಾಕಿದರೆ ನೆರಳು, ಅದನ್ನೂ ಹೊಡೆದುಹಾಕಿದರೆ ಬೆಳಕು. ಶಾಂತಮ್ಮನ ಕೈಯಲ್ಲಿ ಎಷ್ಟು ಸಲ ಉಂಡಿದ್ದೇನೆ, ಲೆಕ್ಕವಿಲ್ಲ. ಆದರೂ ಆಕೆ ಯಾವ ಬಣ್ಣದ ಸೀರೆ ಹೆಚ್ಚಾಗಿ ಉಡುತ್ತಿದ್ದರು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ನನ್ನೊಳಗಿನ ಕವಿ ಯಾವಾಗಲೋ ಸತ್ತಿದ್ದಾನೆ, ಅವನಿಗೊಂದು ಕಾರ್ಡು ಮಾಡಿಸಿಲ್ಲ ಅಷ್ಟೇ ಎಂದು ನಿಜವಾಗಿ ಅನ್ನಿಸಿತು. ಕೊನೆಗೆ ಒಂದು ಭಾನುವಾರ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಬರೆಯಲಾಗುವುದಿಲ್ಲ ಎಂದು ಹೇಳಿಬಿಡುವುದು, ಇಲ್ಲವೇ ಅವನನ್ನೇ ಕೇಳುವುದು, ಎರಡರಲ್ಲಿ ಒಂದು.

ಅವನಿರುವುದು ಸಾಲುಮನೆಗಳ ಹಳೆಯ ಬಡಾವಣೆಯಲ್ಲಿ. ಎರಡು ಮನೆಗಳ ನಡುವೆ ಒಂದೇ ಗೋಡೆ. ಕಟ್ಟು ಸಿದ್ಧವಾಗಿತ್ತು. ಮೂಲೆಗಳು ಎಷ್ಟು ಚೊಕ್ಕವಾಗಿ ಕೂಡಿದ್ದವೆಂದರೆ ಉಗುರಿಗೂ ಸಂದು ಸಿಗುತ್ತಿರಲಿಲ್ಲ. ಕೆಳಗಿನ ಪಟ್ಟಿ ಮಾತ್ರ ಖಾಲಿ.

“ಹೇಗಿದ್ರು ಶಾಂತಮ್ಮ? ಸುಮ್ಮನೆ ಹೇಳ್ತಾ ಹೋಗು, ಬರ್ಕೋತೀನಿ” ಎಂದೆ.

“ಒಳ್ಳೆಯವಳು” ಎಂದ. ನಾನು ಕಾದೆ. “ಸಿಟ್ಟು ಅಂತ ಇರಲಿಲ್ಲ. ಯಾರು ಬಂದ್ರೂ ಊಟ ಹಾಕೋಳು. ಯಾವಾಗ್ಲೂ ನಗ್ತಾ…” ಅಲ್ಲಿಗೆ ನಿಂತುಬಿಟ್ಟ. ಅವನ ಮುಖ ನೋಡಲಾಗಲಿಲ್ಲ. “ನಲವತ್ತು ವರ್ಷ ಬಾಳಿದೀನಿ. ಬಾಯಿ ತೆಗೆದ್ರೆ ನಂಗೂ ನಿನ್ನ ಕಾರ್ಡಿನ ಸಾಲೇ ಬರ್ತಿದೆಯಲ್ಲೋ” ಎಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅಚ್ಚಿನ ತಪ್ಪಿಗೆ ಕ್ಷಮೆ ಕೇಳಬಹುದು. ಇದಕ್ಕೆ ಯಾರ ಕ್ಷಮೆ ಕೇಳುವುದು?

ಆಗ ಪಕ್ಕದ ಮನೆಯ ಸೆಲ್ವಿ ನಮಗಿಬ್ಬರಿಗೂ ಕಾಫಿ ತಂದಳು. ಹುಟ್ಟಿ ಬೆಳೆದದ್ದೆಲ್ಲ ಭದ್ರಾವತಿಯೇ, ಮನೆಮಾತು ತಮಿಳು. ರುದ್ರಪ್ಪನಿಗೆ ಎರಡೂ ಹೊತ್ತು ಕಾಫಿ ಈಗ ಅವಳ ಮನೆಯದೇ. ಹಾಳೆ ನೋಡಿ ಏನೆಂದು ಕೇಳಿದಳು, ಹೇಳಿದೆ. ಲೋಟಗಳನ್ನು ಇಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತ, ದೊಡ್ಡ ವಿಷಯವೇನಲ್ಲ ಎಂಬ ಹಾಗೆ ಹೇಳಿದಳು:

“ಅಕ್ಕ ಒಗ್ಗರಣೆ ಹಾಕೋ ಮುಂಚೆ ಈ ಗೋಡೆಗೆ ಸೌಟಲ್ಲಿ ಎರಡು ಸಲ ತಟ್ಟೋರು ಸಾರ್. ನಮ್ಮತ್ತೆಗೆ ಉಬ್ಬಸ ಇತ್ತಲ್ಲ, ಮೆಣಸಿನಕಾಯಿ ಘಾಟು ಬಂದ್ರೆ ಉಸಿರೇ ಕಟ್ಟೋದು. ನಾನು ತಟ್ತೀನಿ, ನೀನು ಕಿಟಕಿ ಹಾಕ್ಕೋ ಅಂತ ಅವರೇ ಕಂಡುಹಿಡಿದದ್ದು. ಅತ್ತೆ ಹೋಗಿ ಆರು ವರ್ಷ ಆಯ್ತು. ಆಮೇಲೂ ತಟ್ಟೋರು. ಇನ್ನು ಯಾಕಕ್ಕ ಅಂದ್ರೆ, ನೀನೂ ಉಸಿರಾಡೋಳೇ ಅಲ್ವೇನೇ ಅಂದ್ರು.”

ರುದ್ರಪ್ಪ ಲೋಟ ಕೆಳಗಿಟ್ಟ. “ಆ ಸದ್ದು ನಾನು ದಿನಾ ಕೇಳಿದೀನಿ. ಸೌಟು ಕೊಡವ್ತಾಳೆ ಅಂದ್ಕೊಂಡಿದ್ದೆ” ಎಂದ. ಎದ್ದು ಹೋಗಿ ಅಡಿಗೆಮನೆಯ ಗೋಡೆಯ ಮುಂದೆ ನಿಂತ. ಒಲೆಯ ಪಕ್ಕದಲ್ಲಿ, ಎದೆಯ ಎತ್ತರಕ್ಕೆ, ಸುಣ್ಣ ಕಿತ್ತು ಅಂಗೈಯಗಲದ ಗುಳಿ ಬಿದ್ದಿತ್ತು. ಎರಡು ವರ್ಷದ ಹಿಂದೆ ಅವನೇ ಅದಕ್ಕೆ ಸಿಮೆಂಟು ಮೆತ್ತಿದ್ದನಂತೆ. ಮತ್ತೆ ಯಾಕೆ ಕಿತ್ತಿತೆಂದು ಕೇಳಿರಲಿಲ್ಲ.

ನಾನು ಹಾಳೆಯ ಮೇಲೆ ಬರೆದೆ: ‘ಒಗ್ಗರಣೆಗೆ ಮುಂಚೆ ಪಕ್ಕದ ಮನೆಯ ಗೋಡೆ ತಟ್ಟುತ್ತಿದ್ದವಳು.’ ಪ್ರಾಸವಿಲ್ಲ, ಲಯವಿಲ್ಲ, ಉಪಮೆಯಿಲ್ಲ. ಯಾವ ಗೋಷ್ಠಿಯಲ್ಲಿ ಓದಿದರೂ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ನಾನು ಬರೆದದ್ದೆಂದು ಹೇಳಿಕೊಳ್ಳುವ ಹಾಗೂ ಇಲ್ಲ, ಸೆಲ್ವಿ ಹೇಳಿದ್ದನ್ನು ಇಳಿಸಿಕೊಂಡದ್ದು ಅಷ್ಟೇ. ರುದ್ರಪ್ಪ ಅದನ್ನು ಎರಡು ಸಲ ಓದಿ, ಪೆನ್ಸಿಲ್ ತೆಗೆದು ಪಟ್ಟಿಯ ಮೇಲೆ ಅಕ್ಷರದ ಅಳತೆ ಗುರುತು ಹಾಕತೊಡಗಿದ. ನೆಂಟರು ನಕ್ಕಾರು ಎಂದೆ. “ನಗ್ಲಿ. ಓದಿದಾರೆ ಅಂತ ಆದ್ರೂ ಗೊತ್ತಾಗುತ್ತೆ” ಎಂದ.

ಅಂದಿನಿಂದ ಸೃಜನಶೀಲತೆಯ ಬಗ್ಗೆ ನನಗಿದ್ದ ಅಹಂಕಾರ ಇಳಿಯಿತು. ಅದು ಬರೆಯುವವರ ಹತ್ತಿರ ಇರುವ ಸರಕು ಎಂದುಕೊಂಡಿದ್ದೆ. ಅಲ್ಲಿ ನಿಜವಾಗಿ ಏನನ್ನಾದರೂ ಹೊಸದಾಗಿ ಹುಟ್ಟಿಸಿದವರು ಸೌಟು ಹಿಡಿದಿದ್ದ ಶಾಂತಮ್ಮ. ಒಂದು ಗೋಡೆ, ಒಂದು ಸೌಟು, ಒಬ್ಬರ ಕೆಮ್ಮು, ಇಷ್ಟರಲ್ಲಿ ಒಂದು ಭಾಷೆಯನ್ನೇ ಕಟ್ಟಿಬಿಟ್ಟಿದ್ದರು. ಅದನ್ನು ಕಂಡವಳು ಸೆಲ್ವಿ. ನಾವಿಬ್ಬರು ಗಂಡಸರು, ಒಬ್ಬ ಕವಿ, ಒಬ್ಬ ಕುಶಲಕರ್ಮಿ, ಕಿವಿಯಿದ್ದೂ ಕೇಳದವರು. ಕಾರ್ಯಾಗಾರದ ಆ ತಾಯಿ ಸಿಕ್ಕರೆ ಇದನ್ನು ಹೇಳಬೇಕೆಂದಿದ್ದೇನೆ. ಅವರು ಒಪ್ಪುತ್ತಾರೋ ಇಲ್ಲವೋ ತಿಳಿಯದು.

ಶಿವಮೊಗ್ಗಕ್ಕೆ ವಾಪಸಾಗುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಸರೋಜಳಿಗೆ ಒಂದು ಸಾಲು ಹೊಳೆಯುತ್ತದೆಯೇ ಎಂದು ಪ್ರಯತ್ನಿಸಿದೆ. ಕೆಟ್ಟ ಯೋಚನೆ, ಬಿಡ್ತು ಅನ್ನಿ. ಆದರೂ ಮನಸ್ಸು ಕೇಳಬೇಕಲ್ಲ. ಮೂವತ್ತೆರಡು ವರ್ಷದ ಸಂಸಾರದಿಂದ ನನಗೆ ಸಿಕ್ಕಿದ್ದು ‘ಒಳ್ಳೆಯವಳು’.

ಮನೆಗೆ ಬಂದವನೇ ಅಡಿಗೆಮನೆಗೆ ಹೋಗಿ ನಿಂತೆ. ಅವಳು ಸಾರಿಗೆ ಒಗ್ಗರಣೆ ಇಡುತ್ತಿದ್ದಳು.

“ಏನ್ರೀ, ಹಸಿವಾಯ್ತಾ?”

“ಇಲ್ಲ. ಒಗ್ಗರಣೆಗೆ ಮುಂಚೆ ನೀನು ಏನು ಮಾಡ್ತೀಯ?”

“ಎಣ್ಣೆ ಕಾಯಿಸ್ತೀನಿ. ಯಾಕೆ, ಕವಿಗಳು ಇನ್ನು ಮುಂದೆ ಅಡಿಗೆ ಮಾಡೋರಾ?”

ನಾನು ಜಾಗ ಬಿಟ್ಟು ಕದಲಲಿಲ್ಲ. ಎಣ್ಣೆ ಕಾಯಿತು. ಸಾಸಿವೆ ಡಬ್ಬಿಗೆ ಕೈ ಹಾಕಿದವಳು ನನ್ನ ಕಡೆ ಒಮ್ಮೆ ನೋಡಿ, ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು, ನನಗೂ ಬಾಣಲೆಗೂ ನಡುವೆ ನಿಂತುಕೊಂಡು ಸಾಸಿವೆ ಹಾಕಿದಳು. ಚಟಪಟ ಸಿಡಿದದ್ದೆಲ್ಲ ಅವಳ ಕೈಗೆ ಸಿಡಿಯಿತು. ಅವಳಿಗೆ ತಾನು ಸರಿದದ್ದೇ ಗೊತ್ತಿರಲಿಲ್ಲ.

ನನಗೆ ಸಾಲು ಸಿಕ್ಕಿತು. ಅದನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಅದು ಬೇಕಾಗುವ ದಿನ ನಾನಿರದಿದ್ದರೆ ಸಾಕು.